ಒಂದೂವರೆ ಇಂಚು ಹೆಚ್ಚಾದ ಕೋವಿ

ಮನೆಯಲ್ಲಿ ಒಂದು ಸಾವಾದ ಮೇಲೆ ನಗೆಪಾಟಲಿನ ಸಂಗತಿಗಳು ತಾವಾಗಿಯೇ ನಿಂತುಹೋಗುತ್ತವೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ನಗುವುದನ್ನು ನಾನು ನಿಲ್ಲಿಸಿದ್ದೆ, ಅಷ್ಟೇ. ಅವು ಮೊದಲಿಗಿಂತ ಹೆಚ್ಚಾಗಿ ನನ್ನನ್ನೇ ಹುಡುಕಿಕೊಂಡು ಬರತೊಡಗಿದವು.

ನಾನು ಗುಬ್ಬಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಯಜಮಾನರು ಹೋಗಿ ಎರಡು ವರ್ಷವಾಯಿತು. ಬ್ಯಾಂಕಿನಲ್ಲಿ ಕೆಲಸ, ಇದ್ದದ್ದು ಒಂದೇ ಹುಚ್ಚು. ಪ್ರತಿ ಭಾನುವಾರ ಕುಣಿಗಲ್ ಕಡೆ, ಕೊತ್ತಗೆರೆ ದಾಟಿ ಇರುವ ಒಂದು ಶೂಟಿಂಗ್ ಕ್ಲಬ್ಬಿಗೆ ಹೋಗಿ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವುದು. ಸಾಸರಿನಷ್ಟು ಅಗಲದ ಬಿಲ್ಲೆಯನ್ನು ಒಂದು ಯಂತ್ರ ಆಕಾಶಕ್ಕೆ ಎಸೆಯುತ್ತದೆ. ಅದು ನೆಲಕ್ಕೆ ಬೀಳುವ ಮೊದಲು ಪುಡಿ ಮಾಡಬೇಕು. “ಒಂದು ಸಲ ಬಂದು ನೋಡೇ” ಎಂದು ಹನ್ನೊಂದು ವರ್ಷ ಕರೆದರು. ಪ್ರತಿ ಸಲವೂ ನನಗೆ ಉತ್ತರ ಪತ್ರಿಕೆ ತಿದ್ದುವುದಿತ್ತು.

ಅವರು ಹೋದ ಮೇಲೆ ನನಗೊಂದು ಹಟ ಹುಟ್ಟಿತು. ಅವರ ಕೋವಿಯಿಂದ, ಅದು ಅವರ ಕೈಯಲ್ಲಿ ಹೇಗಿತ್ತೋ ಹಾಗೆಯೇ ಇಟ್ಟುಕೊಂಡು, ಒಂದೇ ಒಂದು ಬಿಲ್ಲೆ ಒಡೆಯಬೇಕು. ಮುಂದಿನದೆಲ್ಲ ಆ ಹಟದಿಂದ ಆದದ್ದು.

ಇರುವೆ

ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕಿದೆ. ವಿಚಾರಣೆಗೆ ಒಬ್ಬ ಪೇದೆ ಬಂದರು. ನನ್ನ ನಡತೆ ಹೇಗೆ ಎಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರು. ಅಜ್ಜಿಗೆ ನನ್ನ ಮೇಲೆ ಬಹಳ ಪ್ರೀತಿ.

“ಇಂಥ ಹೆಣ್ಮಗಳು ಈ ಬೀದೀಲೇ ಇಲ್ಲ ಕಣಪ್ಪ. ಜೋರಾಗಿ ಒಂದ್ ಮಾತಾಡಲ್ಲ. ಸಕ್ಕರೆ ಡಬ್ಬಿಗೆ ಇರುವೆ ಬಂದ್ರೆ ಕೊಲ್ಲಲ್ಲ, ಬಿಸಿಲಿಗಿಟ್ಟು ಅವೇ ಹೋಗ್ಲಿ ಅಂತ ಕಾಯ್ತಾಳೆ.”

ಪೇದೆ ಬರೆದುಕೊಂಡರು. “ಶತ್ರುಗಳು ಯಾರಾದ್ರೂ ಅವ್ರಾ?”

“ಅವಳಿಗಾ? ಇದ್ದ ಒಬ್ಬ ಗಂಡನ್ನ ದೇವ್ರು ಕರ್ಕೊಂಡ. ಇನ್ಯಾರವ್ರೆ?”

ಪೇದೆ ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದರು. “ಮೇಡಂ, ಅಜ್ಜಿ ಹೇಳಿದ್ದು ಹಂಗೇ ಬರೆದ್ರೆ ಇವರಿಗೆ ಕೋವಿ ಯಾಕೆ ಅಂತಾರೆ. ನಿಮ್ಮ ಬಗ್ಗೆ ಸ್ವಲ್ಪ ಕೆಟ್ಟದಾಗಿ ಹೇಳೋರು ಯಾರಾದ್ರೂ ಇದ್ರೆ ತೋರ್ಸಿ.”

ಕೆನ್ನೆ

ಹೇಗೋ ಲೈಸೆನ್ಸ್ ಬಂತು. ಮೊದಲ ಭಾನುವಾರ ಕ್ಲಬ್ಬಿಗೆ ಹೋದೆ. ಅಲ್ಲಿ ಹೇಳಿಕೊಡುವವರು ಸೈನ್ಯದಿಂದ ನಿವೃತ್ತರಾದ ಸುಬೇದಾರರು, ಕೊತ್ತಗೆರೆಯವರೇ. ಕೋವಿಯ ಹಿಂಬದಿಯಲ್ಲಿ ಭುಜಕ್ಕೆ ಒತ್ತಿಕೊಳ್ಳುವ ಮರ ಇರುತ್ತದಲ್ಲ, ಬಟ್ ಅನ್ನುತ್ತಾರೆ, ಅದರ ತುದಿಯನ್ನು ನನ್ನ ಮೊಣಕೈಯ ಮಡಿಕೆಗೆ ಆನಿಸಿ ಬೆರಳು ಚಾಚಲು ಹೇಳಿದರು. ನನ್ನ ಬೆರಳು ಟ್ರಿಗರಿಗೆ ಒಂದೂವರೆ ಇಂಚು ಹಿಂದೆಯೇ ನಿಂತಿತು.

“ಮೇಡಮ್ಮೋರೆ, ಕೋವಿ ಅನ್ನೋದು ಚಪ್ಪಲಿ ಇದ್ದಂಗೆ. ಅವರವರ ಅಳತೆಗೇ ಇರ್ಬೇಕು. ಇದು ನಿಮಗೆ ಉದ್ದ. ಒಂದೂವರೆ ಇಂಚು ಕುಯ್ಸಿಬುಡಿ.”

“ಅದು ಅವರ ಅಳತೆ. ಕುಯ್ಸಲ್ಲ,” ಅಂದೆ.

ಕೋವಿ ಉದ್ದವಾದ್ದರಿಂದ ನಾನೇ ಕತ್ತು ಚಾಚಿದೆ. ಕೆನ್ನೆ ಮರದ ಮೇಲೆ ಕೂರಲಿಲ್ಲ. ‘ಪುಲ್’ ಎಂದು ಕೂಗಿದೆ, ಬಿಲ್ಲೆ ಹಾರಿತು, ಗುಂಡೂ ಹಾರಿತು. ಬಿಲ್ಲೆ ತನ್ನ ಪಾಡಿಗೆ ಹೋಗಿ ಹುಲ್ಲಿನ ಮೇಲೆ ಕೂತಿತು. ಮರ ಮಾತ್ರ ನನ್ನ ಕೆನ್ನೆಗೆ ಬಂದು ಬಡಿಯಿತು. ಒಂದು ಸರದಿಗೆ ಇಪ್ಪತ್ತೈದು ಬಿಲ್ಲೆ. ಇಪ್ಪತ್ತೈದು ಪೆಟ್ಟು.

ಸೋಮವಾರ ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದ ಟೀಚರ್ ನನ್ನ ನೀಲಿ ಕೆನ್ನೆ ನೋಡಿ ಟೀ ಲೋಟ ಕೆಳಗಿಟ್ಟರು.

“ಏನ್ರೀ ಇದು! ಯಾರ್ರೀ ಹೊಡೆದಿದ್ದು?”

“ಯಾರೂ ಇಲ್ಲ. ನಮ್ಮ ಯಜಮಾನರ ಕೋವಿ,” ಅಂದೆ.

ಅವರ ಕಣ್ಣು ತುಂಬಿತು. “ಪಾಪ, ಬದುಕಿದ್ದಾಗ ಒಂದು ದಿನವೂ ನಿಮ್ಮ ಮೇಲೆ ಕೈ ಎತ್ತಿದವರಲ್ಲ.”

ಎರಡನೇದು ಫ್ರೀ

“ಕುಯ್ಸಲ್ಲ ಅಂದ್ರೆ ಭುಜಕ್ಕಾದ್ರೂ ಮೆತ್ತಗೆ ಏನಾದ್ರೂ ಹಾಕ್ಕೊಳ್ಳಿ, ಮೂಳೆ ಉಳೀಲಿ,” ಎಂದರು ಸುಬೇದಾರರು. ಕ್ಯಾತ್ಸಂದ್ರದಲ್ಲಿ ಹಾಸ್ಟೆಲ್ ಹುಡುಗರ ಯೂನಿಫಾರ್ಮ್ ಹೊಲಿಯುವ ಒಬ್ಬ ಟೈಲರಿಗೆ ಒಂದು ಕೋಟು ಕೊಟ್ಟೆ. ಬಲಭುಜದ ಒಳಗೆ ಅರ್ಧ ಇಂಚು ದಪ್ಪದ ಪ್ಯಾಡು ಎಂದು ಚಿತ್ರ ಬರೆದು, ಅಳತೆ ಹಾಕಿ, ಬಾಣದ ಗುರುತನ್ನೂ ಇಟ್ಟುಕೊಟ್ಟೆ. ವಾರ ಬಿಟ್ಟು ಹೋದರೆ ಎರಡೂ ಭುಜಕ್ಕೆ ಪ್ಯಾಡು, ಒಂದೊಂದೂ ಒಂದು ಇಂಚು.

“ಒಂದೇ ಕಡೆ ಅಂದಿದ್ದೆ ನಾನು.”

“ಒಂದೇ ಕಡೆ ಹಾಕಿದ್ರೆ ಭುಜ ಸೊಟ್ಟ ಅಂತ ಜನ ಆಡ್ಕೊಳ್ತಾರೆ ಮೇಡಂ. ಎರಡನೇದು ಫ್ರೀ.”

ಪ್ಯಾಡು ಇರುವುದು ಭುಜಕ್ಕೂ ಕೋವಿಗೂ ನಡುವೆ. ಅಂದರೆ ಕೋವಿ ಇನ್ನೂ ಒಂದು ಇಂಚು ಮುಂದೆ ಹೋಯಿತು. ಒಂದೂವರೆ ಇಂಚಿನ ತೊಂದರೆ ಎರಡೂವರೆಯಾಯಿತು. ಭುಜಕ್ಕೇರಿಸುವಾಗ ಮರದ ತುದಿ ಕಂಕುಳಲ್ಲಿ ಸಿಕ್ಕಿಕೊಂಡು, ನಾನು ಬಿಡಿಸಿಕೊಳ್ಳುವಷ್ಟರಲ್ಲಿ ಬಿಲ್ಲೆ ಬೇಲಿ ದಾಟಿತ್ತು.

ಸುಬೇದಾರರು ನನ್ನ ಎರಡೂ ಭುಜಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. “ಕೋವಿ ಕೆಳಗಿಡಿ ಮೇಡಮ್ಮೋರೆ. ಈ ಕೋಟಲ್ಲಿ ನಿಮ್ಮನ್ನ ನೋಡಿ ಬಿಲ್ಲೇನೇ ಹೆದರ್ಕೊಂಡು ಒಡೆದ್ರೂ ಒಡೀಬೋದು.”

ಗಜಾಯ

ಯಜಮಾನರ ಕೋವಿಯ ಮರವನ್ನು ಮುಟ್ಟದೆ ಅದರಂಥದೇ ಇನ್ನೊಂದು ಚಿಕ್ಕದನ್ನು ಮಾಡಿಸಿದರೆ? ಸುಬೇದಾರರಿಂದ ಮರವನ್ನಷ್ಟೇ ಬಿಚ್ಚಿಸಿ, ಬಟ್ಟೆಯ ಚೀಲದಲ್ಲಿಟ್ಟುಕೊಂಡು ಗುಬ್ಬಿಯ ಒಬ್ಬ ಬಡಗಿಯ ಹತ್ತಿರ ಹೋದೆ. ಬಾಗಿಲು ಕಿಟಕಿ ಮಾಡುವುದರಲ್ಲಿ ಹೆಸರಾದವರು. ಇದು ಹದಿನಾಲ್ಕೂಮುಕ್ಕಾಲು ಇಂಚು ಇದೆ, ನನಗೆ ಹದಿಮೂರೂಕಾಲು ಬೇಕು ಎಂದೆ. ಅವರು ಬೆರಳು ಮಡಿಚಿ ಏನೋ ಎಣಿಸಿ ತಲೆಯಾಡಿಸಿದರು.

“ಹದಿಮೂರೂಕಾಲಿಗೆ ಆಯ ಕೂಡ್ಬರಲ್ಲ ಕಣಮ್ಮ. ಕಾಕಾಯ ಆಯ್ತದೆ. ಮನೆಗೆ ಒಳ್ಳೇದಲ್ಲ.”

ಮನೆ ಕಟ್ಟುವಾಗ ಉದ್ದ ಅಗಲಗಳನ್ನು ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಒಳಿತು ಕೆಡುಕು ನೋಡುವ ಲೆಕ್ಕವೇ ಆಯ. ಶೇಷ ನನ್ನ ವಿಷಯವಾದ್ದರಿಂದ ಸುಮ್ಮನಿರಲಾಗಲಿಲ್ಲ. “ಆಚಾರ್ರೇ, ಅದಕ್ಕೆ ಅಗಲಾನೂ ಬೇಕಲ್ಲ? ಇದು ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ. ಯಾವ ಅಗಲ ಹಿಡಿದ್ರಿ?”

“ಅದೆಲ್ಲ ನಂಗೆ ಬುಡಿ. ಇದ್ರಲ್ಲಿ ಏನ್ ಮಾಡ್ತೀರ ನೀವು?”

“ಗುಂಡು ಹೊಡೀತೀನಿ.”

“ನೋಡಿ ಮತ್ತೆ! ಗುಂಡು ಹೊಡೆಯೋದಕ್ಕೇ ಆಯ ನೋಡ್ದೆ ಇನ್ಯಾತಕ್ಕೆ ನೋಡಾನ?”

ಹದಿನೈದು ದಿನಕ್ಕೆ ಹಲಸಿನ ಮರದ್ದು ತಯಾರಾಯಿತು. ಪಾಲಿಶ್ ಬಹಳ ಚೆನ್ನಾಗಿತ್ತು. ಸ್ಕೇಲು ಇಟ್ಟು ನೋಡಿದೆ. ಹದಿನೈದೂವರೆ ಇಂಚು.

“ಗಜಾಯ ತಂದಿದೀನಿ ಕಣಮ್ಮ,” ಎಂದು ಬಡಗಿ ಕೈ ಮುಗಿದರು. “ಇನ್ಮೇಲೆ ನಿಮ್ಮನೇಲಿ ಎಲ್ಲಾ ವೃದ್ಧಿ.”

ಇದುವರೆಗೆ ವೃದ್ಧಿಯಾಗಿರುವುದು ಅದರ ಉದ್ದ ಮಾತ್ರ.

ಹದಿನೆಂಟು

ಮಳೆಗಾಲ ಬಂದು ಹೋಯಿತು. ನಾನು ಒಂದು ಬಿಲ್ಲೆಯನ್ನೂ ಒಡೆಯಲಿಲ್ಲ. ಭಾನುವಾರ ಸಂಜೆ ಮನೆಗೆ ಬಂದು ಒಬ್ಬಳಿಗೆ ಅನ್ನಕ್ಕಿಟ್ಟರೆ ಇಬ್ಬರಿಗಾಗುವಷ್ಟು ಆಗಿರುತ್ತಿತ್ತು. ಕೋವಿಯದೇನು, ಯಾವ ಅಳತೆಯೂ ಕೈಗೆ ಹತ್ತುತ್ತಿರಲಿಲ್ಲ. ತುಮಕೂರಿನಲ್ಲಿರುವ ನಾದಿನಿ ವಾರಕ್ಕೊಮ್ಮೆ ಫೋನು ಮಾಡಿ, “ಅತ್ತಿಗೆ, ಯಾರೇನೇ ಹೇಳ್ಲಿ, ನಮ್ಮಣ್ಣನ ಕೋವಿಗೆ ಗರಗಸ ಹಾಕಿಸ್ಬೇಡಿ, ದಮ್ಮಯ್ಯ,” ಅನ್ನುತ್ತಿದ್ದಳು. ಕೊನೆಗೆ ಸುಬೇದಾರರಿಗೆ, “ನಾನು ಇನ್ನು ಬರುವುದಿಲ್ಲ,” ಎಂದು ಹೇಳಿದೆ.

“ಬಿಡೋದಾದ್ರೆ ಬಿಡಿ. ಅದಕ್ಕೆ ಮುಂಚೆ ತುಮಕೂರಲ್ಲಿ ಕೋವಿ ರಿಪೇರಿ ಸಾಹೇಬರಿಗೆ ಒಂದ್ಸಲ ತೋರ್ಸಾನ,” ಎಂದು ಅವರೇ ಜೊತೆಗೆ ಬಂದರು.

ವಯಸ್ಸಾದ ಸಾಹೇಬರು ಕೋವಿ ಕೈಗೆ ತೆಗೆದುಕೊಂಡವರೇ, “ಅರೆ, ಬ್ಯಾಂಕ್ ಸಾರ್ ಕೋವಿ!” ಅಂದರು. ಹಳೆಯ ನೋಟ್‌ಬುಕ್ ತೆಗೆದು ಬೆರಳಿಟ್ಟು ತೋರಿಸಿದರು. “ನೋಡಿಮ್ಮಾ, ಸಾರ್ ಅಳತೆ ಇಲ್ಲೇ ಬರ್ಕೊಂಡಿದೀನಿ. ಹದಿಮೂರೂವರೆ. ಕುಯ್ದು ಕೊಡ್ತೀನಿ ಅಂತ ಮೂರು ಸಲ ಹೇಳ್ದೆ.”

“ಹದಿಮೂರೂವರೆ ಅವರ ಅಳತೆಯಾ? ಕೋವಿ ಹದಿನಾಲ್ಕೂಮುಕ್ಕಾಲು ಇದೆಯಲ್ಲ?”

“ಅದು ಮೊದಲ ಮಾಲೀಕರ ಅಳತೆ. ಆರಡಿ ಆಳು. ಸಾರ್ ಸೆಕೆಂಡ್ ಹ್ಯಾಂಡ್ ತಗೊಂಡ್ರು. ಅವರಿಗೂ ಉದ್ದಾನೇ. ಪ್ರತಿ ಸಲ ಬರೋರು, ‘ಇರ್ಲಿ ಸಾಹೇಬ್ರೆ, ನಾನೇ ಒಗ್ಗಿಕೊಳ್ತೀನಿ’ ಅನ್ನೋರು, ಹಂಗೇ ವಾಪಸ್ ತಗೊಂಡು ಹೋಗೋರು.”

ನನ್ನ ಯಜಮಾನರ ಎತ್ತರ ಐದಡಿ ಮೂರಿಂಚು. ನನಗಿಂತ ಒಂದೇ ಇಂಚು ಹೆಚ್ಚು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು ಈ ಒಂದು ಕಳೆಯುವ ಲೆಕ್ಕ ಮಾಡಿರಲಿಲ್ಲ. ನಾನು ಮುಖವನ್ನೇ ನೋಡದ ಯಾರೋ ಒಬ್ಬರ ಅಳತೆಯನ್ನು ಅವರದೆಂದು ಕಾಪಾಡಿಕೊಂಡು, ಅದಕ್ಕೆ ಕೆನ್ನೆ ಕೊಟ್ಟುಕೊಂಡು ಬಂದಿದ್ದೆ.

ಸುಬೇದಾರರ ಕಡೆ ತಿರುಗಿದೆ. “ಮತ್ತೆ ನಮ್ಮ ಯಜಮಾನರು ಪ್ರತಿ ಭಾನುವಾರ ಮನೆಗೆ ಬಂದು ‘ಇವತ್ತು ಇಪ್ಪತ್ತೈದಕ್ಕೆ ಹದಿನೆಂಟು’ ಅನ್ನೋರಲ್ಲ?”

ಸುಬೇದಾರರು ಅಂಗಡಿಯ ಫ್ಯಾನು ನೋಡುತ್ತ ನಿಂತರು. “ಸದ್ದು ಚೆನ್ನಾಗಿ ಬರ್ತಿತ್ತು ಮೇಡಮ್ಮೋರೆ,” ಅಂದರು.

“ಒಂದೂ ಒಡೆದಿಲ್ಲವಾ?”

“ಒಂದ್ಸಲ ಒಡೀತು. ಅದು ಪಕ್ಕದೋರು ಹೊಡೆದಿದ್ದು ಅಂತ ತಕರಾರಾಯ್ತು. ನಿಮಗೆ ಹೆಂಗ್ ಹೇಳ್ಲಿ ನಾನು?”

ಯಜಮಾನರು ಹದಿನೆಂಟು ಅಂದಾಗ ನಾನು ಉತ್ತರ ಪತ್ರಿಕೆಯಿಂದ ತಲೆಯೆತ್ತದೆ, “ಉಳಿದ ಏಳು?” ಎಂದು ಕೇಳುತ್ತಿದ್ದೆ. ಹನ್ನೊಂದು ವರ್ಷ ಅದೊಂದೇ ಪ್ರಶ್ನೆ. ಅಂಗಡಿಯಲ್ಲಿ ನಾನು ಅಳುತ್ತಿದ್ದೇನೆಂದು ಸಾಹೇಬರು ನೀರು ತಂದರು. ನಾನು ನಗುತ್ತಿದ್ದೇನೆಂದು ಸುಬೇದಾರರು ಇನ್ನೂ ಗಾಬರಿಯಾದರು. ಇಬ್ಬರೂ ಸರಿಯಾಗಿಯೇ ನೋಡಿದ್ದರು.

“ಕುಯ್ಯಿರಿ ಸಾಹೇಬ್ರೆ,” ಅಂದೆ.

“ನಿಮ್ಮ ಅಳತೆ ತಗೊಳ್ಲಾಮ್ಮಾ?”

“ಬೇಡ. ಪುಸ್ತಕದಲ್ಲಿರೋ ಅಳತೆಗೆ.”

ನನಗೆ ಕಾಲು ಇಂಚು ಉದ್ದವೇ ಉಳಿಯಿತು. ಇರಲಿ.

ಮುಂದಿನ ಭಾನುವಾರ ಮೊದಲ ಹದಿನೆಂಟು ಬಿಲ್ಲೆ ಎಂದಿನಂತೆ ಹುಲ್ಲಿಗೆ ಹೋದವು. ಹತ್ತೊಂಬತ್ತನೆಯದು ಆಕಾಶದಲ್ಲೇ ಪುಡಿಯಾಯಿತು. ನಾನು ಅಕ್ಕಪಕ್ಕ ನೋಡಿದೆ. “ಯಾರೂ ಇಲ್ಲ ಮೇಡಮ್ಮೋರೆ,” ಎಂದು ಸುಬೇದಾರರು ಕೂಗಿದರು, “ನಿಮ್ದೇ, ನಿಮ್ದೇ!” ಉಳಿದ ಆರೂ ತಪ್ಪಿದವು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾದಿನಿಯ ಫೋನು ಬಂತು. ಕೋವಿ ಕುಯ್ಯಿಸಿದ್ದು ಅವಳಿಗೆ ಗೊತ್ತಿರಲಿಲ್ಲ.

“ಇವತ್ತಾದ್ರೂ ಒಡೀತಾ ಅತ್ತಿಗೆ? ಎಷ್ಟು?”

ಇಷ್ಟು ವರ್ಷದ ಕೆಲಸದಲ್ಲಿ ನಾನು ಯಾರಿಗೂ ಅರ್ಧ ಅಂಕ ಸುಮ್ಮನೆ ಹಾಕಿದವಳಲ್ಲ.

“ಹದಿನೆಂಟು,” ಅಂದೆ.

ಆ ಕಡೆ ಅವಳು ಅತ್ತೇಬಿಟ್ಟಳು. “ನಾನು ಬಡ್ಕೊಳ್ತಿರಲಿಲ್ವಾ ಅತ್ತಿಗೆ, ಕುಯ್ಸಬೇಡಿ ಅಂತ? ನಮ್ಮಣ್ಣನ ಕೈಗುಣ ಪೂರಾ ಆ ಕೋವೀಲೇ ಇದೆ!”