ವಾಘ್ಯಾನ ಖುರಾಕು

"ಮಾಮಾ, ನೀವು ನಿಶ್ಚಿಂತಿಲೆ ಯಾತ್ರಾ ಮಾಡಿ ಬರ್ರಿ. ಬರೂದರಾಗ ಈ ನಾಯೀನ ಕೊಲ್ಲಾಪುರದ ಪೈಲವಾನ ಮಾಡಿ ಇಟ್ಟಿರ್ತೀನಿ!"

ಇಚಲಕರಂಜಿಯ ಕಿರಾಣಿ ಅಂಗಡಿ ಬಾಳಗೊಂಡ ಮಾವನ ಮುಂದ ಎದಿ ತಟ್ಟಿ ಹಿಂಗ ಹೇಳಿದ. ಮಾವ ಅಂದ್ರ ಗಡಿಂಗ್ಲಜ ಹತ್ತರದ ನೂಲದ ಆಬಾಸಾಹೇಬರು. ಹೆಂಡತಿ ಕರಕೊಂಡು ಶಿಖರ್ಜಿಗೆ ಹೊಂಟಿದ್ರು. ನಾಯಿ ಹೆಸರು ವಾಘ್ಯಾ. ಹೆಸರಿಗೆ ಹುಲಿ, ಮೈ ನೋಡಿದ್ರ ಎಲಬು ಎಣಸಬಹುದು. ಜ್ವರಾ ಬಂದು ಎದ್ದದ್ದು, ತಿನ್ನೂದಕ್ಕೂ ನೂರಾಎಂಟು ನಖರಾ. ಅದನ್ನ ಗಡಿಂಗ್ಲಜದ ಸಣ್ಣ ಅಳಿಯ ಶ್ರೀಪಾಲ ಯಾತ್ರಾ ಮುಗಿಯೂತನಕ ತಾ ನೋಡ್ಕೋತೀನಂತ ಮೊದಲ ಕೇಳಿದ್ದ. ಬಾಳಗೊಂಡಗ ಹೊಟ್ಟ್ಯಾಗ ಬೆಂಕಿ ಬಿದ್ದದ್ದು ಅಲ್ಲೇ. ದೊಡ್ಡ ಅಳಿಯ ಗಟ್ಟಿಮುಟ್ಟ ಇರೂವಾಗ ಸಣ್ಣಾಂವಗ ನಾಯಿ ಕೊಡೂದಂದ್ರೇನು? ಮೊದಲ ಮಾವನ ಮನ್ಯಾಗ ಸಣ್ಣದಿರಲಿ ದೊಡ್ಡದಿರಲಿ, ಎಲ್ಲಾದಕ್ಕೂ "ಶ್ರೀಪಾಲಗ ಹೇಳ್ರಿ" ಅನ್ನೂದ ರೂಢಿ ಆಗಿತ್ತು. ಈ ಸಲ ನಾಯಿ ದಪ್ಪಾಗಬೇಕು, ಶ್ರೀಪಾಲನ ಮಾರಿ ಸಣ್ಣದಾಗಬೇಕು. ಬಾಳಗೊಂಡ ಹಟಾ ಹಿಡದು ನಾಯಿ ತಂದಬಿಟ್ಟ.

ತಂದಾಂವ ಸೀದಾ ತಾಲೀಮಿನ ಮಲ್ಲಾರಿ ಪೈಲವಾನನ ಕಡೆ ಹೋದ. ಮೈ ಬರಬೇಕಂದ್ರ ಖುರಾಕು ಏನು ಅಂತ ಕೇಳಿದ. ಮಲ್ಲಾರಿ ತತ್ತಿ, ಮಟನ್ ರಸಾ ಅಂತ ಸುರು ಮಾಡೂದರೊಳಗ ಬಾಳಗೊಂಡ ಎರಡೂ ಕಿವಿ ಮುಚ್ಚಿಕೊಂಡ. ಅವರದು ಜೈನರ ಮನಿ, ಉಳ್ಳಾಗಡ್ಡಿ ಸುದ್ದಾ ಹೊಸ್ತಿಲಾ ದಾಟಿದ್ದಿಲ್ಲ. ಹಂಗಾದ್ರ ಹಾಲು, ತುಪ್ಪಾ, ಬದಾಮಿ ಹಾಕ್ರಿ ಅಂದ ಮಲ್ಲಾರಿ.

ಬಾಳಗೊಂಡ ಅವತ್ತಿಂದ ಸಂಜೀಮುಂದ ಲಗೂನ ಅಂಗಡಿ ಬಿಟ್ಟು ಬರಾಕ ಹತ್ತಿದ. ತನಗೊಂದು ತಾಟು, ನಾಯಿಗೊಂದು ತಾಟು. ವಾಘ್ಯಾನ ಮುಂದ ಆಜರಾ ಅಕ್ಕಿ ಅನ್ನಾ, ಮ್ಯಾಲ ಹರಿಯೂವಂಗ ತುಪ್ಪಾ, ಬಾಜೂಕ ಬದಾಮಿ ಹಾಕಿದ ಗಟ್ಟಿ ಹಾಲು. ಎದುರಿಗೆ ತಾ ಕುಂತು, ಹೆಂಗ ತಿನ್ನಬೇಕಂತ ತಿಂದ ತೋರಿಸ್ತಿದ್ದ. ವಾಘ್ಯಾ ಅನ್ನಾ ನೋಡ್ತಿತ್ತು, ಇವನ್ನ ನೋಡ್ತಿತ್ತು, ಜೊಲ್ಲು ಸುರಸ್ತಿತ್ತು. ಆದ್ರ ಮುಟ್ಟಲಿಲ್ಲ! ಕನ್ನಡ ತಿಳೀವಲ್ದೇನೋ ಅಂತ "ಖಾ ರೇ ಬಾಳಾ", ತಿನ್ನೋ ಮಗನ, ಅಂತ ಮರಾಠಿಯೊಳಗೂ ಕೇಳಿಕೊಂಡ. ಬಾಲಾ ಅಲ್ಲಾಡಿಸಿತು, ಅಷ್ಟ.

ಹೊತ್ತು ಮುಳುಗಿದ ಮ್ಯಾಲ ಆ ಮನ್ಯಾಗ ಯಾರೂ ತುತ್ತು ಎತ್ತೂಹಂಗಿಲ್ಲ. ಉಳಿದದ್ದು ರಾತ್ರಿ ಇಟ್ರ ಹುಳಾ ಆಗ್ತಾವು, ಹೊರಗ ಚೆಲ್ಲಿದ್ರ ಇರಿವಿ ಮುಕ್ಕರಿಸಿ ಸಾಯ್ತಾವು, ಎರಡೂ ಪಾಪ. ದನಕ್ಕ ಹಾಕಬಹುದಿತ್ತು ಖರೆ, ಬದಾಮಿ ದನಕ್ಕ ಹಾಕೂವಷ್ಟು ದೊಡ್ಡ ಜೀವ ಕಿರಾಣಿ ಅಂಗಡಿಯವಂದಲ್ಲ. ನಾಯಿ ಬಾಯಿ ಹಚ್ಚಿಲ್ಲಂದ ಮ್ಯಾಲ ಎಂಜಲಂತೂ ಅಲ್ಲ. ಬಾಳಗೊಂಡ ಸೂರ್ಯನ ಕಡೆ ಒಮ್ಮೆ ನೋಡಿದ, ನಾಯಿ ತಾಟು ತನ್ನ ಕಡೆ ಎಳಕೊಂಡ.

ಮರುದಿನಾನೂ ಅದ ಹಾಡು. ಸಜ್ಜಿಗಿ ಆತು, ಬಾಸುಂದಿ ಆತು, ಪೇಢೆ ಆತು. ನಾಯಿ ಕಾಯ್ತು, ಸೂರ್ಯ ಇಳಿದ, ಬಾಳಗೊಂಡ ನುಂಗಿದ. ಬೆಲ್ಲಾ ತೂಗೋ ತಕ್ಕಡ್ಯಾಗ ವಾಘ್ಯಾನ್ನ ಕುಂದ್ರಿಸಿ ತೂಗಿದ್ರ ದಿನಾ ಹೋದಂಗ ಕಲ್ಲು ತಗೀಬೇಕಾತು. ಇತ್ಲಾಗ ಬಾಳಗೊಂಡನ ಅಂಗಿ ಗುಂಡಿ ಒಂದೊಂದ ಹರದು ಹಾರಾಕ ಹತ್ತಿದ್ವು.

"ಸುಮ್ನ ಬಿಡ್ರಿ ಅದನ್ನ. ಮುಂಜಾನೆ ನೀವು ಅಂಗಡಿಗೆ ಹೋದ ಮ್ಯಾಲ ಅರ್ಧಾ ರೊಟ್ಟಿ ತಿಂತೈತಿ" ಅಂದ್ಲು ಹೆಂಡತಿ ಶಾಲನ.

"ಅದಕ್ಕ ಸಂಜೀಗೆ ಹಸಿವಿ ಆಗವಲ್ದು! ನಾಳೆಯಿಂದ ರೊಟ್ಟಿ ಬಂದ್. ನಾನು ಎದುರಿಗೆ ಕುಂತು ಉಣಸಾಕತ್ತೇನಿ, ನೀ ನಡಕ ಬಾಯಿ ಹಾಕಬ್ಯಾಡ."

"ನಾ ಎಲ್ಲಿ ಬಾಯಿ ಹಾಕೇನ್ರಿ? ಬಾಯಿ ಹಾಕಾಕತ್ತವರು ನೀವು" ಅಂದು ಶಾಲನ ಒಳಗ ಹೋದ್ಲು. ಮುಂಜಾನೆ ಕದ್ದು ಒಂದು ತುಣುಕು ರೊಟ್ಟಿ ಹಾಕೂದು ಮಾತ್ರ ಬಿಡಲಿಲ್ಲ.

ಮಾವ ಬರೂ ದಿನಾ ಹತ್ತರ ಬಂದಂಗ ಬಾಳಗೊಂಡನ ತಲಿ ಕೆಡ್ತು. ಒಂದಿನಾ ಸಿಟ್ಟಿಲೆ ನಾಕೂ ಕಾಲಮ್ಯಾಲ ಬಗ್ಗಿ, ನಾಯಿ ತಾಟಿಗೆ ಮಾರಿ ಹಚ್ಚಿ, ಹಾಲು ನೆಕ್ಕಿ ತೋರಿಸಿದ. ಅದ ಹೊತ್ತಿಗೆ ಎಣ್ಣಿ ಕೇಳಾಕ ಬಂದ ಮಗ್ಗದ ಓಣಿ ಚೆನ್ನವ್ವ ಬಾಗಲದಾಗ ನಿಂತಿದ್ಲು. ನಾಯಿ ನೆಟ್ಟಗ ಕುಂತೈತಿ, ಮಾಲಕ ನೆಕ್ಕಾಕತ್ತಾನ! ಎಣ್ಣಿ ಕೇಳೂದು ಬಿಟ್ಟು ಹಂಗ ತಿರುಗಿ ಹೋದ್ಲು. ಶಾಲನಕ್ಕ ಗಂಡಗ ಉಣ್ಣಾಕ ನಾಯಿ ತಾಟಿನಾಗ ಹಾಕ್ತಾಳಂತ ಅನ್ನೂ ಸುದ್ದಿ ಬಾಜೂಕಿನ ಊರು ಯಡ್ರಾವತನಕ ಮುಟ್ಟಿತು.

ಕಡೀಕ ಆಬಾಸಾಹೇಬರು ಬಂದ್ರು. ಬೆನ್ನಿಗೆ ಶ್ರೀಪಾಲನೂ ಬಂದ. ಮಾವ ನಾಯಿ ನೋಡಿದ್ರು, ಅಳಿಯನ ಹೊಟ್ಟಿ ನೋಡಿದ್ರು, ತಿರುಗಿ ನಾಯಿ ನೋಡಿದ್ರು. ಶ್ರೀಪಾಲ ಟವಲ್ಲಿಲೆ ಬಾಯಿ ಮುಚ್ಚಿಕೊಂಡ. ಬಾಳಗೊಂಡಗ ಭೂಮಿ ಬಾಯಿ ಬಿಟ್ರ ಸಾಕಾಗಿತ್ತು. ನಾಯಿಗೆ ಯಾವುದೋ ದೊಡ್ಡ ರೋಗ ಐತಿ, ಅನ್ನದ ಮ್ಯಾಲ ಮನಸ ಇಲ್ಲ, ಮಿರಜದಾಗಿನ ಡಾಕ್ಟರಗೆ ತೋರಿಸಬೇಕು ಅಂತ ಒಂದ ಸಮನ ಹೇಳಿದ.

ಆಬಾಸಾಹೇಬರು ಪಟಗಾ ತಗದು ಗೂಟಕ್ಕ ಹಾಕಿದ್ರು. ಊಟಕ್ಕ ಕುಂತ್ರು. ವಾಘ್ಯಾಗೂ ಬಾಜೂಕ ಒಂದು ತಾಟು ಹಾಕಿಸಿದ್ರು. ತಾವು ಉಂಡ್ರು, ಕೈ ತೊಳಕೊಂಡ್ರು, ಎದ್ದು ಪಡಸಾಲಿಗೆ ಬಂದ್ರು. ಒಳಗ ತಾಟು ದಡಬಡ ಸಪ್ಪಳಾತು. ಬಾಳಗೊಂಡ ಓಡಿ ಹೋಗಿ ನೋಡಿದ್ರ ವಾಘ್ಯಾ ಅನ್ನಾ ಮುಗಿಸಿ, ಖಾಲಿ ತಾಟು ನೆಕ್ಕಿಕೋತ ಗ್ವಾಡಿತನಕ ದೂಡಿಕೊಂಡು ಹೋಗಿತ್ತು.

"ಅಳಿಯಾರ, ಇದು ನಮ್ಮವ್ವನ ಕೈಯಾಗ ಬೆಳದ ನಾಯಿ. ಮನಿ ಯಜಮಾನ ಉಂಡು ಕೈ ತೊಳಕೊಂಡು ಏಳೂತನಕ ತಾಟಿಗೆ ಬಾಯಿ ಹಚ್ಚೂದಿಲ್ಲ. ಹೋಗೂವಾಗ ಹೇಳಬೇಕಂದ್ರ ನೀವು ಮಾತಾಡಗೊಡಲಿಲ್ಲ. ಉಂಡ ಮ್ಯಾಲ ನೀವು ಏಳ್ತಿದ್ದಿರಿಲ್ಲೋ?"

ಬಾಳಗೊಂಡ ಏನರ ಹೇಳೂದರೊಳಗ ಅಡಗಿಮನಿ ಬಾಗಲದಾಗಿಂದ ಶಾಲನನ ದನಿ ಬಂತು.

"ಏಳ್ತಿದ್ರಪ್ಪಾ. ತಮ್ಮದು ಉಂಡು, ಅದರದ್ದೂ ಉಂಡ ಏಳ್ತಿದ್ರು. ಪಾಪ ಆ ಮೂಕಪ್ರಾಣಿ, ಇವತ್ತರ ಏನಾರ ಉಳಸ್ತಾರೇನೋ ಅಂತ ದಿನಾ ಕಾಯ್ತಿತ್ತು."