ಮುನ್ನೂರ ಹನ್ನೆರಡು ಮಂದಿ ಮುಂದ ಆಡಿದ ಮಾತು

ಗುರುಲಿಂಗಪ್ಪ: ಯಾರನ್ನ ಕೇಳಿ ಹಂಚಿದಿ ಇದನ್ನ? ಮಗಳ ಬಯೋಡೇಟಾ ಅಪ್ಪ ಹಂಚಬೇಕೋ, ಮಗಳ ಹಂಚಬೇಕೋ?

ವಿಜಯಲಕ್ಷ್ಮಿ: ಯಪ್ಪಾ, ಸಣ್ಣಗ ಮಾತಾಡು. ಅದು ಬಯೋಡೇಟಾ ಅಲ್ಲ.

ಗುರುಲಿಂಗಪ್ಪ: ಅಲ್ಲಂದ್ರ? ಫೋಟೋ ಐತಿ, ವಯಸ್ಸು ಐತಿ, ಊರು ಮುದ್ದೇಬಿಹಾಳ ಅಂತೈತಿ, ಮದಿವಿ ಆಗಿಲ್ಲ ಅಂತಾನೂ ಐತಿ. ಮನಿತನ ಒಂದ ಬರಿಯೂದು ಮರತೀದಿ!

(ಮುದ್ದೇಬಿಹಾಳದಲ್ಲಿ ಜಹೀರನ ಸೈಬರ್ ಕೆಫೆ. ಇಸವಿ ಎರಡು ಸಾವಿರದ ಏಳು. ಮಾರ್ಕೆಟ್ ಯಾರ್ಡಿನಲ್ಲಿ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯ ಗುರುಲಿಂಗಪ್ಪ ಮಗಳ ಪಿಯುಸಿ ಅಂಕಪಟ್ಟಿಯನ್ನು ಕಂಡಕಂಡವರಿಗೆಲ್ಲ ತೋರಿಸಲೆಂದು ನಿನ್ನೆ ಇಲ್ಲಿ ಪ್ರಿಂಟ್ ತೆಗೆಸಿಕೊಂಡು ಹೋಗಿದ್ದ. ಜಹೀರನ ಅವಸರದಲ್ಲಿ ಇನ್ನೊಂದು ಹಾಳೆಯೂ ಅದರ ಜೊತೆ ಸೇರಿಹೋಗಿತ್ತು. ಅದು ವಿಜಯಲಕ್ಷ್ಮಿ ಆರ್ಕುಟ್ ಎಂಬ ಗೆಳೆಯರ ಜಾಲತಾಣದಲ್ಲಿ ತನ್ನ ಬಗ್ಗೆ ತಾನೇ ಬರೆದುಕೊಂಡ ಪುಟ. ಇಂಗ್ಲಿಷ್ ಅಕ್ಷರದ ಆ ಕನ್ನಡವನ್ನು ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಾನೆ. ಓದಿ ಬಿಟ್ಟಿದ್ದರೆ ಪುಣ್ಯ ಬರುತ್ತಿತ್ತು. ಕೆಂಪು ಪೆನ್ನು ಹಿಡಿದು ತಿದ್ದಿಯೂ ಇದ್ದಾನೆ.)

ವಿಜಯಲಕ್ಷ್ಮಿ: ಇದೇನಿದು? 'ಅಡಗಿ: ಅನ್ನ ಸೀಯಿಸ್ತೇನಿ' ಅಂತ ನಾ ಬರದಿದ್ದಕ್ಕ ಗೀಟು ಹೊಡದು, 'ಹೋಳಿಗಿ, ಕಡಬು ಎಲ್ಲಾ ಬರ್ತೈತಿ' ಅಂತ ಹಾಕಿದಿ?

ಗುರುಲಿಂಗಪ್ಪ: ಹಂಚಿದ್ದಂತೂ ಹಂಚಿ ಆತು, ಚಂದಂಗರ ಇರ್ಲಿ ಅಂತ. ಅನ್ನ ಸೀಯಿಸೂ ಹುಡುಗೀನ್ನ ಯಾವ ಪುಣ್ಯಾತ್ಮ ಮಾಡ್ಕೋತಾನ?

ವಿಜಯಲಕ್ಷ್ಮಿ: ಹವ್ಯಾಸ ಅನ್ನೂದ್ರಾಗ 'ಮಣ್ಣು, ಎರೆಹುಳ, ವಾದ ಮಾಡೂದು' ಅಂತಿತ್ತು. ಮೂರೂ ಹೊಡದು 'ಕಸೂತಿ'! ನನಗ ಅಂಗಿಗಿ ಗುಂಡಿ ಹಚ್ಚಾಕ ಬರಾಂಗಿಲ್ಲ, ಯಪ್ಪಾ!

ಗುರುಲಿಂಗಪ್ಪ: ವಾದ ಮಾಡ್ತಾಳ ಅಂತ ಮೊದಲ ಹೇಳಿಬಿಟ್ರ ಬೀಗರು ಹೊಸ್ತಲಾ ದಾಟ್ತಾರೇನು? ಅದೆಲ್ಲಾ ಮದಿವಿ ಆದಮ್ಯಾಲೆ ತಾನ ಗೊತ್ತಾಗ್ತೈತಿ. ನಿಮ್ಮವ್ವಂದು ನನಗ ಹಂಗ ಗೊತ್ತಾತು.

(ಕಂಪ್ಯೂಟರಿನ ಹಿಂದೆ ಜಹೀರ ಬಾಯಿಗೆ ಕರವಸ್ತ್ರ ಒತ್ತಿಕೊಂಡ.)

ಗುರುಲಿಂಗಪ್ಪ: ನಗಬ್ಯಾಡಲೇ ಜಹೀರ. ಇಲ್ಲಿ ಕೆಳಗ ಮುನ್ನೂರ ಹನ್ನೆರಡು ಮಂದಿ ಅಂತೈತಿ. ಅಷ್ಟೂ ಗಂಡಿನ ಕಡೇವರು?

ಜಹೀರ: ಅಲ್ರಿ ಕಾಕಾರ. ಅದು ಬಳಗ್ರಿ. ಇಂಡಿ, ಸಿಂದಗಿ, ಬಾಗೇವಾಡಿ, ನಮ್ಮೂರು, ಎಲ್ಲಾ ಕಡಿಂದ ಕೃಷಿ ಕಾಲೇಜಿಗಿ ಹೊಂಟವರು. ಅರ್ಧಕ್ಕರ್ಧ ಹುಡುಗೇರ ಅದಾರ.

ಗುರುಲಿಂಗಪ್ಪ: ಹುಡುಗೇರೂ ಅದಾರ? ಹಂಗಾದ್ರ ಕುಂತು ಏನು ಮಾಡ್ತೀರಿ ಅದ್ರಾಗ?

ವಿಜಯಲಕ್ಷ್ಮಿ: ಅಭಿಪ್ರಾಯ ಹೇಳ್ತೇವಿ. ಯಾವ ಹಾಸ್ಟೆಲ್ ಚಲೋ, ತೊಗರಿ ಯಾಕ ಒಣಗ್ತೈತಿ, ಹಿಂತಾವು.

ಗುರುಲಿಂಗಪ್ಪ: ತೊಗರಿ? ಒಂದು ಹಿಡಿ ತೊಗರಿ ನೋಡಿ ಯಾವ ಊರ ಹೊಲದ್ದು ಅಂತ ಹೇಳಾವ ನಾ. ನನ್ನ ಅಭಿಪ್ರಾಯ ಯಾರರ ಕೇಳ್ಯಾರೇನು?

ವಿಜಯಲಕ್ಷ್ಮಿ: ಇಲ್ಲ. ನಿನ್ನ ಬಗ್ಗೆ ಹೇಳ್ಯಾರ.

(ಹೇಳಿ ನಾಲಿಗೆ ಕಚ್ಚಿಕೊಂಡಳು. ಧಾರವಾಡದ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಸೇರಲು ಸೋಮವಾರವೇ ಕೊನೆಯ ದಿನ. ಅಪ್ಪ ಸಹಿ ಹಾಕಬೇಕಾದ ಅರ್ಜಿ ಹನ್ನೆರಡು ದಿನದಿಂದ ಅವಳ ಚೀಲದಲ್ಲಿದೆ. ಕೇಳಿದಾಗಲೆಲ್ಲ ಆತನಿಗೆ ಯಾರಾದರೊಬ್ಬರ ಜೊತೆ ಅರ್ಜೆಂಟ್ ಕೆಲಸ ನೆನಪಾಗುತ್ತದೆ.)

ಜಹೀರ: 'ಅಪ್ಪ ಸಹಿ ಮಾಡಲೊಲ್ಲ, ಏನು ಮಾಡ್ಲಿ?' ಅಂತ ತಂಗಿ ಬಳಗದಾಗ ಕೇಳ್ಯಾಳ್ರಿ. ನಲವತ್ತು ಮಂದಿ ಉತ್ತರ ಕೊಟ್ಟಾರ.

ಗುರುಲಿಂಗಪ್ಪ: ನಮ್ಮ ಮನಿ ಪಂಚಾಯ್ತಿ ನಲವತ್ತು ಮಂದಿ ಮಾಡ್ಯಾರ? ಓದು.

ಜಹೀರ: ಹೂವಿನ ಹಿಪ್ಪರಗಿ ಹುಡುಗಿ ಅಂತಾಳ್ರಿ: 'ಊಟಾ ಬಿಡು.'

ಗುರುಲಿಂಗಪ್ಪ: ಓಹೋ! ಮಂಗಳವಾರ ಉಪವಾಸ ಅಂದಿದ್ದು ಅದಕ್ಕ?

ವಿಜಯಲಕ್ಷ್ಮಿ: ಮಧ್ಯಾಹ್ನದ ತನಕ ಅಷ್ಟ. ಅವ್ವ ಎಣ್ಣಿಗಾಯಿ ಬದನಿಕಾಯಿ ಮಾಡಿದ್ಳು.

ಜಹೀರ: ಸಾಲೋಟಗಿ ಹುಡುಗ: 'ಅಪ್ಪನ ಕಾಲು ಒತ್ತು.'

ಗುರುಲಿಂಗಪ್ಪ: ಬುಧವಾರ ಒತ್ತಿದ್ದು ಅದಕ್ಕ! ಮಗಳಿಗಿ ಅಂತಃಕರಣ ಉಕ್ಕೇತಿ ಅಂತ ನಾ ಊರ ತುಂಬ ಹೇಳ್ಕೊಂಡು ಬಂದೆ.

ವಿಜಯಲಕ್ಷ್ಮಿ: ಅಂತಃಕರಣಾನೂ ಇತ್ತು, ಯಪ್ಪಾ.

ಜಹೀರ: ಇನ್ನ ಸಿಂದಗಿಯವ... (ತಡೆದು) ಇದು ಬ್ಯಾಡ ಬಿಡ್ರಿ.

ಗುರುಲಿಂಗಪ್ಪ: ಓದಲೇ!

ಜಹೀರ: ಸಿಟ್ಟಾಗಬ್ಯಾಡ್ರಿ ಮತ್ತ. 'ಮುದ್ದೇಬಿಹಾಳದ ಅಡತಿಯವರದು ಬರೀ ಬಾಯಿ ಬಡಾಯಿ. ಮಗಳನ್ನ ಬಸ್ ಹತ್ತಿಸೂ ಧೈರ್ಯ ನಿಮ್ಮಪ್ಪಗಿಲ್ಲ.'

(ಗುರುಲಿಂಗಪ್ಪ ಎದ್ದ ರಭಸಕ್ಕೆ ಕುರ್ಚಿ ಹಿಂದೆ ಬಿತ್ತು.)

ಗುರುಲಿಂಗಪ್ಪ: ಯಾರವ? ಏನು ತಿಳ್ಕೊಂಡಾನ? ಬರಿ! 'ನಾನು ಗುರುಲಿಂಗಪ್ಪ, ಮುದ್ದೇಬಿಹಾಳ ಮಾರ್ಕೆಟ್ ಯಾರ್ಡ್. ಸೋಮವಾರ ಮೊದಲನೇ ಬಸ್ಸಿಗಿ ಮಗಳನ್ನ ನಾನ ಕರ್ಕೊಂಡು ಧಾರವಾಡಕ್ಕ ಬರ್ತೇನಿ. ಹಾಸ್ಟೆಲ್ ತನಕ ಟ್ರಂಕು ನಾನ ಹೊರ್ತೇನಿ. ಧೈರ್ಯ ಇದ್ರ ಬಂದು ನೋಡು.' ಬರದಿ? ಕಳಸು!

(ಜಹೀರ ಕಳಿಸಿದ. ಗುರುಲಿಂಗಪ್ಪ ಕುರ್ಚಿ ಎತ್ತಿ ನಿಲ್ಲಿಸಿ, ಕೂತು, ಟೋಪಿ ಸರಿಮಾಡಿಕೊಂಡ. ಆಮೇಲೆ ಮುಖ ನಿಧಾನಕ್ಕೆ ಇಳಿಯಿತು.)

ಗುರುಲಿಂಗಪ್ಪ: ನಾ ಈಗ ಏನಂದೆ?

ಜಹೀರ: ಓದ್ಲಿರಿ?

ಗುರುಲಿಂಗಪ್ಪ: ಬ್ಯಾಡ. ಅಳಸಾಕ ಬರ್ತೈತೇನು?

ಜಹೀರ: ಬರ್ತೈತ್ರಿ. ಆದ್ರ ಆಗಲೇ ಮೂರು ಮಂದಿ 'ಶಹಬ್ಬಾಸ್ ಕಾಕಾ' ಅಂದಾರ.

(ಯಾರ್ಡಿನಲ್ಲಿ ನಾಲ್ಕು ಮಂದಿಯ ಎದುರು ಬಾಯಿಬಿಟ್ಟು ಹೇಳಿದ ದರವನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಹಿಂದೆ ತೆಗೆದುಕೊಂಡ ಮನುಷ್ಯನಲ್ಲ ಗುರುಲಿಂಗಪ್ಪ. ಇಲ್ಲಿ ಮುನ್ನೂರ ಹನ್ನೆರಡು ಮಂದಿ. ಕೈ ಚಾಚಿ ಅರ್ಜಿ ಇಸಿದುಕೊಂಡು ಸಹಿ ಹಾಕಿದ.)

ವಿಜಯಲಕ್ಷ್ಮಿ: ಹನ್ನೆರಡು ದಿನ ಯಾಕ ಕಾಡಿದಿ ಹಂಗಾದ್ರ?

ಗುರುಲಿಂಗಪ್ಪ: ನೀ ಹೋದ್ರ ಮನ್ಯಾಗ ನನ್ನ ಜೋಡಿ ಜಗಳಾ ಮಾಡಾಕ ಯಾರದಾರ? ನಿಮ್ಮವ್ವಗ ಈಗ ಬೇಸರ ಬಂದೈತಿ, ಏನಂದ್ರೂ ಹೂಂ ಅಂತಾಳ. ನನಗ ಮನಿ ಭಣಭಣ ಅಂತೈತಿ, ಯವ್ವಾ.

(ವಿಜಯಲಕ್ಷ್ಮಿ ಅರ್ಜಿಯನ್ನು ಚೀಲಕ್ಕೆ ಹಾಕಿದಳು. ಅಪ್ಪನ ತೋಳು ಹಿಡಿದುಕೊಂಡಳು. ಆತ ಕಣ್ಣೊರೆಸಿಕೊಂಡು, ಬಸ್ಸಿನ ಟೈಮು ಕೇಳಿಬರುತ್ತೇನೆಂದು ಬಾಗಿಲ ತನಕ ಹೋಗಿ ತಿರುಗಿ ನಿಂತ.)

ಗುರುಲಿಂಗಪ್ಪ: ಆ ಸಿಂದಗಿಯವನ ಹೆಸರು ಬರದಿಡು ಜಹೀರ. ಧಾರವಾಡದಾಗ ಸಿಕ್ರ ಟ್ರಂಕು ಅವನ ತಲಿಮ್ಯಾಗ ಹೊರಸ್ತೇನಿ!

(ಹೋದ. ವಿಜಯಲಕ್ಷ್ಮಿ ಪರದೆಗೆ ಮುಖವಿಟ್ಟು ಮೇಲಿಂದ ಕೆಳಗೆ ಎರಡು ಸಲ ಹುಡುಕಿದಳು.)

ವಿಜಯಲಕ್ಷ್ಮಿ: ಜಹೀರಣ್ಣ, ಸಿಂದಗಿಯವ ಎಲ್ಲಿ ಬರದಾನ? ನನಗ ಕಾಣವಲ್ದು.

ಜಹೀರ: ಹೆಂಗ ಕಾಣ್ಬೇಕು, ತಂಗಿ? ಅವ ಇನ್ನೂ ಬರದಿಲ್ಲ.