ಹಿಂದಿನ ಸೀಟಿಲ್ಲದ ಕಾರು

ಕಾರಿಗೆ ಎರಡೇ ಸೀಟಿದ್ದರೆ ಅದರಲ್ಲಿ ಇಬ್ಬರೇ ಕೂಡಬಹುದು. ಆ ಇಬ್ಬರು ಗಂಡ ಹೆಂಡತಿಯೇ ಆಗಿರುತ್ತಾರೆ. ಇಷ್ಟು ಸರಳವಾದ ತರ್ಕದ ಮೇಲೆ ನಾನು ಒಂದು ಸ್ಪೋರ್ಟ್ಸ್ ಕಾರು ಕೊಂಡೆ! ತರ್ಕದ ಮೊದಲ ಅರ್ಧ ತಪ್ಪೆಂದು ಇಂದಿಗೂ ಯಾರೂ ಹೇಳಿಲ್ಲ.

ನಮ್ಮೂರು ಅಥಣಿ ತಾಲೂಕಿನ ಐಗಳಿ. ಊರಿಗೆ ಎಸ್.ಟಿ.ಡಿ. ಬೂತ್ ಬಂದ ಕಾಲ. ದ್ರಾಕ್ಷಿ ತೋಟ, ಹದಿನಾಲ್ಕು ಮಂದಿ ಇದ್ದ ಮನೆ, ಅಷ್ಟೂ ಮಂದಿಗೆ ಒಂದು ಜೀಪು. ಮನೆಯ ಯಜಮಾನರು ನಮ್ಮ ಕಾಕಾ, ಅಪ್ಪನ ತಮ್ಮ. ನಾನು ಏಳು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಕಾಕಾ. ಅವರ ಎದುರು ನಿಂತು ನಾನು ಆಡಿದ್ದ ಅತಿ ದೊಡ್ಡ ಮಾತೆಂದರೆ ‘ಹೂಂ’. ಅದು ಹೆದರಿಕೆಯಲ್ಲ, ಋಣ. ಆದರೆ ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಜೀಪಿನ ಮುಂದಿನ ಸೀಟು ಕಾಕಾ ಅವರದು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಬರೆದಿಡುವ ಅಗತ್ಯವೂ ಬಿದ್ದಿರಲಿಲ್ಲ. ನಾನು ಸ್ಟೇರಿಂಗ್ ಹಿಡಿಯುತ್ತಿದ್ದೆ, ನನ್ನ ಪಕ್ಕದಲ್ಲಿ ಕಾಕಾ, ಕಾಕಾ ಅವರ ಪಕ್ಕದಲ್ಲಿ ಅವರ ರುಮಾಲು. ರುಮಾಲಿಗೂ ಸೀಟಿತ್ತು! ಹೆಂಗಸರು, ಮಕ್ಕಳು, ಬುಟ್ಟಿ, ಗಂಟುಗಳೆಲ್ಲ ಹಿಂದೆ. ನನ್ನ ಹೆಂಡತಿ ಕಮಲಾ ಮದುವೆಯಾಗಿ ಬಂದಾಗಿನಿಂದ ಆರು ವರ್ಷ ಆ ಬುಟ್ಟಿಗಳ ನಡುವೆ ಕೂತು ಧೂಳು ಕುಡಿದಳು.

ಒಂದು ಸಲ ತವರೂರು ಕಬ್ಬೂರಿನಿಂದ ತಿರುಗಿ ಬಂದ ದಿನ ತಲೆಯ ಧೂಳು ಕೊಡವುತ್ತ ಅಂದಳು: “ಹಿಂದ ಕುಂತ್ರ ಬರೇ ಹೋದ ಹಾದಿ ಕಾಣತೈತ್ರಿ. ಬರೂ ಹಾದಿ ಹೆಂಗಿರತೈತಿ ಅಂತ ಒಮ್ಮಿ ನೋಡಬೇಕ ನೋಡ್ರಿ.”

ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಮುಂದಿನ ಹಾದಿ ಕೇಳಿದಳು. ನನಗೆ ಅಂದು ಊಟ ಸೇರಲಿಲ್ಲ. ಕಾಕಾ ಅವರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು ಎಂದು ನಿಮಗೆ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಅದಕ್ಕಿಂತ ಸುಲಭವಾದ ದಾರಿ ಇರಬೇಕೆಂದು ಹುಡುಕತೊಡಗಿದೆ.

ಅದೇ ತಿಂಗಳು ಬಳ್ಳಿಗೆ ಹುಳು ಬಿದ್ದು, ಹೊಡೆಯಲು ತಂಬಾಕಿನ ಪುಡಿ ತರಲು ನಿಪ್ಪಾಣಿಗೆ ಹೋದೆ. ಅಲ್ಲಿ ಒಬ್ಬ ತಂಬಾಕು ವ್ಯಾಪಾರಿಯ ಗೋದಾಮಿನ ಮೂಲೆಯಲ್ಲಿ, ಚೀಲಗಳ ಕೆಳಗಿನಿಂದ, ಒಂದು ಕೆಂಪು ಮೂತಿ ಹೊರಗೆ ಚಾಚಿತ್ತು. ಚೀಲ ಸರಿಸಿ ನೋಡಿದರೆ ವಿಲಾಯತಿ ಕಾರು! ಉದ್ದ ಮೂಗು, ಸೈಕಲ್ಲಿನಂತೆ ತಂತಿಯ ಗಾಲಿ, ತಲೆಯ ಮೇಲೆ ಸೂರಿಲ್ಲ. ಹೆಸರಿನ ಅಕ್ಷರಗಳು ಎಂದೋ ಉದುರಿಹೋಗಿದ್ದವು. ವ್ಯಾಪಾರಿ ಹರೆಯದಲ್ಲಿ ಮುಂಬೈಯಿಂದ ತಂದದ್ದಂತೆ.

“ಏಕದಮ್ ಝಕಾಸ್ ಗಾಡಿ ಐತಿ, ಬಘಾ!” ಎಂದ ಆತ. “ಎರಡ ಸೀಟ ಅಷ್ಟ. ಫುಕಟ್ ಮಂದಿ ಹತ್ತಾಂಗಿಲ್ಲ.”

ಎರಡೇ ಸೀಟು! ನನ್ನ ಕಿವಿಗೆ ಓಲಗ ಊದಿದಂತಾಯಿತು. ಹಿಂದೆ ಸೀಟೇ ಇಲ್ಲದ ಮೇಲೆ ಕಮಲಾ ಹಿಂದೆ ಕೂಡುವುದಾದರೂ ಎಲ್ಲಿ? ಮನೆಗೆ ಬಂದು ಕಾಕಾ ಅವರಿಗೆ “ಒಂದು ಗಾಡಿ ತಗೋತೇನಿ” ಎಂದೆ. ಅವರೂ “ಹೂಂ” ಎಂದರು. ಆ ವರ್ಷದ ನನ್ನ ಪಾಲಿನ ಒಣದ್ರಾಕ್ಷಿಯೆಲ್ಲ ನಿಪ್ಪಾಣಿಗೆ ಹೋಯಿತು, ಕಾರು ಐಗಳಿಗೆ ಬಂತು.

ಬಂದ ಮರುದಿನವೇ ಅಥಣಿಗೆ ಹೋಗಿ ಬರುವುದೆಂದು ನಿಶ್ಚಯಿಸಿದೆವು. ಕಮಲಾ ಹೊಸ ಇಳಕಲ್ ಸೀರೆ ಉಟ್ಟಳು. ನಾನು ಕಾರು ಒರೆಸಿ, ಎಡಗಡೆಯ ಬಾಗಿಲು ತೆರೆದು, ಸಿನಿಮಾದ ನಾಯಕನಂತೆ ನಿಂತೆ. ಒಳಗಿನಿಂದ ಕಾಕಾ ಬಂದರು. ಕೈಯಲ್ಲಿ ಕೊಡೆ, ತಲೆಗೆ ಒಗೆದ ರುಮಾಲು. ತೆರೆದ ಬಾಗಿಲು ನೋಡಿ ಸಂತೋಷಪಟ್ಟು ಒಳಗೆ ಕೂತೇಬಿಟ್ಟರು!

“ಶಾಣ್ಯಾ ಅದಿ ಬಸ್ಯಾ, ಬಾಗಲಾ ತಗದ ನಿಂತೀಯಲ್ಲ. ಹೂಂ, ನಡಿ.”

ನನ್ನ ತರ್ಕದ ಎರಡನೆಯ ಅರ್ಧ ಆಗ ಕುಸಿದುಬಿತ್ತು. ಕಾರಿಗೆ ಹಿಂದಿನ ಸೀಟಿಲ್ಲವೆಂದರೆ ಕಮಲಾ ಮುಂದೆ ಕೂಡುತ್ತಾಳೆಂದು ನಾನು ಲೆಕ್ಕ ಹಾಕಿದ್ದೆ. ನಮ್ಮ ಮನೆಯ ಲೆಕ್ಕ ಬೇರೆ. ಮುಂದಿನ ಸೀಟು ಹಿರಿಯರದು, ಹಿಂದಿನದು ಹೆಂಗಸರದು. ಹಿಂದಿನ ಸೀಟೇ ಇಲ್ಲವಾದರೆ ಹೆಂಗಸರಿಗೆ ಸೀಟಿಲ್ಲ, ಅಷ್ಟೇ. ಕಮಲಾ ಹೊಸ್ತಿಲ ಮೇಲೆ ನಿಂತು ನನ್ನ ಮುಖ ನೋಡಿದಳು. ನಾನು ಕಾರಿನ ಗಡಿಯಾರ ನೋಡಿದೆ. ಅದು ಎಂದೋ ನಿಂತಿತ್ತು.

ಅಥಣಿಯವರೆಗೂ ಕಾಕಾ ಸೀನಿದರು. ತಂಬಾಕಿನ ಚೀಲಗಳ ಕೆಳಗೆ ವರ್ಷಗಟ್ಟಲೆ ಮಲಗಿದ ಕಾರು ಅದು. ಸೀಟಿನ ಮೇಲೆ ಭಾರ ಬಿದ್ದರೆ ಸಾಕು, ಒಳಗಿನ ಪುಡಿ ಮೂಗಿಗೇ ಏರುತ್ತಿತ್ತು. ಆ ಕಾರಿಗೆ ಹಾರ್ನ್ ಇತ್ತು, ಆದರೆ ಅದನ್ನು ಒತ್ತುವ ಪ್ರಸಂಗ ಬರುತ್ತಿರಲಿಲ್ಲ. ಸೀನಿನ ಸಪ್ಪಳಕ್ಕೆ ಎಮ್ಮೆಗಳು ತಾವೇ ಸರಿಯುತ್ತಿದ್ದವು.

ಇನ್ನು ವಾಹನಗಳ ತುಲನಾತ್ಮಕ ಅಧ್ಯಯನ. ಈ ವಿಷಯದಲ್ಲಿ ನಾನು ಸ್ವಂತ ಖರ್ಚಿನಲ್ಲಿ ಪಾಂಡಿತ್ಯ ಗಳಿಸಿದವನು. ಅಂಬಾಸಿಡರ್ ಗುಂಡಿಗೆ ಇಳಿದು ಏರುತ್ತದೆ. ಜೀಪು ಗುಂಡಿಯನ್ನು ಗಮನಿಸುವುದೇ ಇಲ್ಲ. ನನ್ನ ಕಾರು ಗುಂಡಿಯ ದಂಡೆಯ ಮೇಲೆ ನಿಂತು ಯೋಚಿಸುತ್ತಿತ್ತು. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣು ಜಾಗವಿರಲಿಲ್ಲ. ಮೀಟರಿನಲ್ಲಿ ನೂರಿಪ್ಪತ್ತು ಮೈಲಿ ಎಂದು ಬರೆದಿತ್ತು, ನಮ್ಮ ಕಡೆಯ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಅದು ಎರಡನೆಯ ಗೇರು ದಾಟಿದ್ದು ಕಡಿಮೆ. ಜೀಪಿಗೆ ವರ್ಷಕ್ಕೆ ಎರಡು ಸಲ ಆಯಿಲ್, ಒಂದೆರಡು ಸಲ ಬೈಗುಳ; ಅಷ್ಟರಲ್ಲಿ ಅದು ತೃಪ್ತಿಯಿಂದ ಓಡುತ್ತಿತ್ತು. ನನ್ನ ಕಾರಿನ ಒಂದು ಸರ್ವಿಸಿಂಗಿಗೆ ಜೀಪಿನ ಇಡೀ ವರ್ಷದ ಖರ್ಚು ಹೋಗುತ್ತಿತ್ತು. ಅದು ಸರ್ವಿಸಿಂಗ್ ಕೇಳುತ್ತಿದ್ದುದು ತಿಂಗಳಿಗೊಮ್ಮೆ.

ಸರ್ವಿಸಿಂಗ್ ಮಾಡುತ್ತಿದ್ದವನು ಚಿಕ್ಕೋಡಿಯ ಇಮಾಮಸಾಬ ಮೇಸ್ತ್ರಿ. ಮೊದಲ ದಿನ ಬಾನೆಟ್ ಎತ್ತಿ ಒಳಗಿನದನ್ನು ಬೆರಳು ಮಾಡಿ ಎರಡು ಸಲ ಎಣಿಸಿದ.

“ಸಾವಕಾರ, ಇದಕ ಕಾರ್ಬೊರೇಟರ್ ಎರಡ ಅದಾವ್ರಿ.”

“ಛಲೋನ ಆತಲ್ಲ? ಒಂದು ಕೆಟ್ರ ಇನ್ನೊಂದು.”

“ಹಂಗಲ್ರಿ. ಎರಡೂ ಕೂಡಿ ಉಸಿರಾಡಬೇಕ. ಒಂದು ಮುನಿಸಕೊಂಡ್ರ ಇನ್ನೊಂದೂ ಮುನಿಸಕೋತೈತಿ. ಮತ್ತ ಇದರ ನಟ್ಟೆಲ್ಲ ಇಂಚಿನ ಅಳತಿವು. ನನ್ನ ಹಂತ್ಯಾಕ ಇರೂ ಪಾನಾ ಎಲ್ಲಾ ಮಿಲಿಮೀಟರಿನ್ವು.”

ನಟ್ಟು ಬಿಚ್ಚುವ ಇಂಚಿನ ಪಾನಾಗಳ ಒಂದು ಪೂರ್ತಿ ಸೆಟ್ಟು ಕೊಲ್ಲಾಪುರದಿಂದ ತರಿಸಿಕೊಟ್ಟೆ. ಮೇಸ್ತ್ರಿ ರಬ್ಬರ್ ಕೊಳವೆಯ ಒಂದು ತುದಿ ಕಾರ್ಬೊರೇಟರಿಗೆ, ಇನ್ನೊಂದು ತುದಿ ತನ್ನ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಡಾಕ್ಟರನಂತೆ ಕೇಳುವನು. ನಂತರ “ಒಂದ ರೌಂಡ್ ಹೊಡದ ನೋಡೂಣ್ರಿ” ಎಂದು ಎಡಗಡೆ ಕೂಡುವನು. ಹೀಗೆ ತಿಂಗಳಿಗೊಮ್ಮೆ ಮೇಸ್ತ್ರಿ, ಉಳಿದ ದಿನ ಕಾಕಾ. ಕಾಕಾ ಊರಲ್ಲಿಲ್ಲದ ಒಂದು ದಿನ ಕಮಲಾ ಇನ್ನೇನು ಹತ್ತಬೇಕು, ನಮ್ಮ ಅವ್ವ ಅಡ್ಡ ಬಂದಳು. “ಮ್ಯಾಲ ಸೂರಿಲ್ಲದ ಗಾಡ್ಯಾಗ ಸೊಸಿನ್ನ ಕುಂಡ್ರಿಸಿಕೊಂಡ ಊರಾಗ ಹಾದ ಹೋಗ್ತಿಯೇನೋ? ಮಂದಿ ಏನಂದಾರು?” ದ್ರಾಕ್ಷಿ ಒಣಗಿಸುವಾಗ ಮುಚ್ಚುವ ತಾಡಪತ್ರಿ ಹೊಲಿಸಿ ಕಾರಿಗೆ ಸೂರು ಮಾಡಿಸಿದೆ. ಅದು ಸಿದ್ಧವಾಗುವುದರೊಳಗೆ ಕಾಕಾ ತಿರುಗಿ ಬಂದಿದ್ದರು. “ನನಗ ಬಿಸಲ ಬಡೀತೈತಂತ ನೆರಳ ಮಾಡಿಸಿದಿ ನೋಡ,” ಎಂದು ನನ್ನ ಬೆನ್ನು ತಟ್ಟಿದರು.

ನಾನು “ಹೂಂ” ಎಂದೆ.

ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಕಮಲಾ ಮಾತ್ರ ಕಾರು ಹೊರಟಾಗ ಹೊಸ್ತಿಲಿಗೆ ಬಂದು ನಿಲ್ಲುವುದನ್ನಷ್ಟೇ ಬಿಟ್ಟಳು. ಅದು ನನ್ನ ಎದೆಗೆ ನೇರವಾಗಿ ತಾಗಿತು.

ಹೀಗಿರುವಾಗ ಕಬ್ಬೂರಿನಲ್ಲಿ ಅವಳ ತಮ್ಮನ ಬಸುರಿ ಹೆಂಡತಿಯ ಕುಬುಸದ ಕಾರ್ಯ ಬಂತು. ಮನೆಮಂದಿಯೆಲ್ಲ ಹೊರಟೆವು. ಕಾಕಾ ನನ್ನ ಕಾರಿನಲ್ಲಿ. ಅವ್ವ, ಕಮಲಾ, ಉಳಿದವರೆಲ್ಲ ಜೀಪಿನಲ್ಲಿ. ಜೀಪನ್ನು ಕಾಕಾ ಅವರ ಮಗ ನಡೆಸುತ್ತಿದ್ದ. ಹೊರಟ ಸ್ವಲ್ಪ ಹೊತ್ತಿಗೇ ಜೀಪು ನನ್ನ ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕಿ ಹೋಯಿತು. ಮಕ್ಕಳು ಕೈ ಬೀಸಿದರು.

ರಾಯಬಾಗ ದಾಟಿ, ಕಬ್ಬೂರು ಇನ್ನು ಮೂರು ಮೈಲಿ ಇದೆ ಎನ್ನುವಾಗ ಕಾರಿನ ಒಳಗಿನಿಂದ ಸುಟ್ಟ ವಾಸನೆ ಬಂತು. ಎಂಜಿನ್ ಭರ್ಜರಿಯಾಗಿ ಕೂಗುತ್ತಿತ್ತು, ಗಾಲಿ ಮಾತ್ರ ತಿರುಗುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಹೋಗಿತ್ತು. ಕಾಕಾ ಮೂರು ಸಲ ಸೀನಿ ಕೆಳಗಿಳಿದರು.

ಅಷ್ಟರಲ್ಲಿ ಒಬ್ಬ ಮುದುಕ ಒಂದು ಜೋಡಿ ಎತ್ತು ಹೊಡೆದುಕೊಂಡು ಹೊಲದಿಂದ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿದ.

“ಇದಕ ಎಂಜಿನ್ ಇಲ್ಲೇನ್ರಿ?”

“ಐತಿ,” ಎಂದೆ.

“ಐತಿ? ಮತ್ತ ಸುಮ್ನ ವಜ್ಜಿ ಯಾಕ ಹೊರಸೀರಿ ಅದಕ್ಕ?”

ಮುದುಕ ನೊಗಕ್ಕೆ ಹಗ್ಗ ಕಟ್ಟಿ ಕಾರಿನ ಮುಂದಿನ ಬಂಪರಿಗೆ ಬಿಗಿದ. ಅದೇ ಹೊತ್ತಿಗೆ, ಊರ ಹೊರಗೆ ನಮಗಾಗಿ ಕಾದು ನಿಂತಿದ್ದ ಜೀಪು, ನಾವು ಬರಲಿಲ್ಲವೆಂದು ಮಂದಿಯ ಸಮೇತ ಹುಡುಕುತ್ತ ತಿರುಗಿ ಬಂತು. ನಾನು ಎಡಗಡೆಯ ಬಾಗಿಲು ತೆರೆದು, “ಕಾಕಾ, ಹತ್ರಿ,” ಎಂದೆ.

ಕಾಕಾ ಎತ್ತುಗಳನ್ನು ನೋಡಿದರು, ಕಾರನ್ನು ನೋಡಿದರು. ಅವರ ಮೀಸೆ ಅದುರಿತು.

“ಏನಂದಿ? ಎತ್ತ ಜಗ್ಗೂ ಕಾರಿನ್ಯಾಗ ಕುಂತ ಬೀಗರ ಊರಿಗೆ ಹೋಗಲೇನ ನಾ? ನನ್ನ ಮಾನ ಏನಾಗಬೇಕಲೇ!”

ರುಮಾಲು ಸರಿಮಾಡಿಕೊಂಡು ಹೋಗಿ ಜೀಪಿನ ಮುಂದಿನ ಸೀಟಿನ ಮುಂದೆ ನಿಂತರು. ಅಲ್ಲಿ ಕೂತಿದ್ದ ಅವ್ವ ಹಿಂದಕ್ಕೆ ಹೋಗಬೇಕಾಯಿತು. ಹಿಂದೆ ಕಾಲಿಡಲು ಜಾಗವಿರಲಿಲ್ಲ. ಯಾರಾದರೂ ಒಬ್ಬರು ಇಳಿಯಲೇಬೇಕು.

“ನಾ ಇಳೀತೇನ್ರಿ ಅತ್ತಿ,” ಎಂದಳು ಕಮಲಾ. “ನೀವೆಲ್ಲಾ ಮುಂದ ಹೋಗ್ರಿ. ಕಾರ್ಯ ತಡಾ ಆಗಬಾರ್ದು.”

“ನಿನ್ನ ತಮ್ಮನ ಮನಿ ಕಾರ್ಯ ಅಲ್ಲೇನ? ನೀನ ಇರಲಿಲ್ಲಂದ್ರ?” ಎಂದಳು ಅವ್ವ.

“ಆಮ್ಯಾಲ ಬಂದ ಆರತಿ ಮಾಡ್ತೇನೇಳ್ರಿ.”

ಆರು ವರ್ಷ ಕಾಕಾ ಯಾರಿಗೂ ಬಿಟ್ಟುಕೊಡದ ಮುಂದಿನ ಸೀಟು, ಅದರ ಮರ್ಯಾದೆ ಹೋದ ಕೂಡಲೇ ಖಾಲಿಯಾಗಿತ್ತು! ಕಮಲಾ ಸೆರಗು ಸರಿಪಡಿಸಿಕೊಂಡು ಬಂದು, ಯಾರೋ ಕರೆದು ಕೂಡಿಸಿದಂತೆ ಗಂಭೀರವಾಗಿ ಎಡಗಡೆ ಕೂತಳು. ಕೂತವಳೇ ಸೀನಿದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು. ನಾನೂ ನಕ್ಕೆ. ಮುದುಕ ಹಿಂದೆ ತಿರುಗಿ, “ಬ್ರೇಕ ಹಿಡೀರಿ ಸಾವಕಾರ, ಹ್ವಾರಿ ಹೊಸಾವು, ಜೋರ ಓಡತಾವು,” ಎಂದು ಎಚ್ಚರಿಸಿ ಮುಂದೆ ನಡೆದ.

ತಾಡಪತ್ರಿ ಹಿಂದೆ ಸರಿಸಿದೆ. ಕಬ್ಬು ತುರಾಯಿ ಬಿಟ್ಟ ಹಂಗಾಮು, ಎರಡೂ ಕಡೆ ಬೆಳ್ಳಗೆ ಆಡುತ್ತಿತ್ತು. ಆ ಕಾರಿನ ಸೀಟು ನೆಲಕ್ಕೆ ಹತ್ತಿರ. ಎತ್ತುಗಳ ನಡುವಿನಿಂದ ರಸ್ತೆ ನೆಟ್ಟಗೆ ನಮ್ಮ ಕಡೆಗೇ ಬರುತ್ತಿತ್ತು. ಒಂದು ಬೇವಿನ ಮರ ದೂರದಲ್ಲಿ ಸಣ್ಣದಾಗಿ ಕಂಡಿತು. ಅದು ನಿಧಾನವಾಗಿ ದೊಡ್ಡದಾಗಿ ನಮ್ಮ ಪಕ್ಕಕ್ಕೆ ಬರುವವರೆಗೂ ಕಮಲಾ ಕಣ್ಣು ಮಿಟುಕಿಸದೆ ನೋಡಿದಳು.

“ಬರಾಕತ್ತೈತಿ ನೋಡ್ರಿ,” ಎಂದಳು ಮೆಲ್ಲಗೆ. “ಹಿಂದ ಕುಂತಾಗ ಎಲ್ಲಾ ಸಣ್ಣ ಆಕ್ಕೊಂತ ಹೋಗ್ತಿತ್ತು.”

ಇಷ್ಟು ಸಣ್ಣದನ್ನು ಆರು ವರ್ಷ ಕೊಡಲಾಗಲಿಲ್ಲವೆಂಬ ನಾಚಿಕೆ ಒಂದು ಕಡೆ, ಅವಳ ಪಕ್ಕದಲ್ಲಿ ಕೂತ ಸಂತೋಷ ಇನ್ನೊಂದು ಕಡೆ. ನೂರಿಪ್ಪತ್ತು ಮೈಲಿಯ ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಆ ಮೂರು ಮೈಲಿಗೆ ಒಂದೂವರೆ ತಾಸು ಹಿಡಿಯಿತು. ಮುಗಿಯದಿದ್ದರೂ ಆಗುತ್ತಿತ್ತು ಎನ್ನಿಸಿತು.

“ಹೆಂಗ ಐತಿ ಕಾರು?” ಎಂದು ಕೇಳಿದೆ, ಸ್ವಲ್ಪ ಜಂಬದಿಂದಲೇ.

“ಛಲೋ ಐತ್ರಿ.” ಇನ್ನೊಂದು ಬೇವಿನ ಮರ ದಾಟಿದ ಮೇಲೆ ಅಂದಳು: “ಆದ್ರ ಜೀಪಿಗೂ ಮುಂದ ಸೀಟ ಇತ್ತಲ್ರಿ. ಮಾವಾರಿಗೆ ಒಂದ ಮಾತ ಹೇಳಿದ್ರ ಆಗ್ತಿತ್ತು. ಇಷ್ಟೆಲ್ಲಾ ಯಾಕ ಬೇಕಿತ್ತು?”

ಒಂದು ಮಾತು ಹೇಳುವ ಧೈರ್ಯ ಇಲ್ಲದ್ದಕ್ಕೆ ಒಂದು ವಿಲಾಯತಿ ಕಾರು, ಒಂದು ಸೆಟ್ಟು ಇಂಚಿನ ಪಾನಾ, ಒಂದು ತಾಡಪತ್ರಿ ಸೂರು ಕೊಂಡ ಗಂಡಸು ಈ ಐದು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಕಬ್ಬೂರಿನಿಂದ ಕಾರನ್ನು ಇಮಾಮಸಾಬ ಮೇಸ್ತ್ರಿ ಒಯ್ದ. ಕೊನೆಗೆ ಅವನೇ ಕೊಂಡ. ಪಾನಾ ಸೆಟ್ಟು ಹೇಗೂ ಅವನ ಹತ್ತಿರವೇ ಇತ್ತು.

ಕೆಲವು ತಿಂಗಳ ಮೇಲೆ ಮತ್ತೆ ಕಬ್ಬೂರಿಗೆ ಹೊರಡುವ ದಿನ ಬಂತು. ಎಲ್ಲರೂ ಜೀಪಿನಲ್ಲೇ. ಈ ಸಲ ಹೇಳಿಯೇ ತೀರುವುದೆಂದು ಹಿಂದಿನ ದಿನದಿಂದ ಮಾತು ಕಟ್ಟಿಕೊಂಡಿದ್ದೆ. ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದ ಕಾಕಾ ಅವರ ಎದುರು ಹೋಗಿ ಗಂಟಲು ಸರಿಮಾಡಿಕೊಂಡೆ.

“ಕಾಕಾ...”

“ಏನಲೇ?”

“ಡೀಸೆಲ್ ಹಾಕ್ಸೇನಿ.”

“ಹೂಂ.”

ತಲೆ ತಗ್ಗಿಸಿ ಜೀಪಿನ ಕಡೆಗೆ ತಿರುಗಿದೆ. ಮುಂದಿನ ಸೀಟಿನಲ್ಲಿ ಕಮಲಾ ಕೂತಿದ್ದಳು! ಹತ್ತಿ ಕೂತಿದ್ದಳು, ಅಷ್ಟೇ. ಕಾಕಾ ಹತ್ತಿರ ಬಂದು ನಿಂತರು.

“ಕಮಲವ್ವಾ, ಅಲ್ಲಿ ಬಿಸಲ ಬೀಳತೈತಿ.”

“ಬೀಳಲೇಳ್ರಿ, ಮಾವಾರ.”

ಕಾಕಾ ಒಂದು ಕ್ಷಣ ನಿಂತು ಅವಳ ಮುಖ ನೋಡಿದರು. ಆಮೇಲೆ ರುಮಾಲು ಕಂಕುಳಲ್ಲಿ ಇಟ್ಟುಕೊಂಡು, ಹಿಂದೆ ಹೋಗಿ, ಬುಟ್ಟಿ ಸರಿಸಿ ಕೂತರು. ಮುಗಿಯಿತು. ಆಕಾಶ ಬೀಳಲಿಲ್ಲ. ನಾನು ಮಾತ್ರ ಸ್ಟೇರಿಂಗ್ ಹಿಡಿದು ಬೆವರುತ್ತಿದ್ದೆ, “ಚಾಲೂ ಮಾಡ್ರಿ,” ಎಂದು ಕಮಲಾನೇ ಹೇಳಬೇಕಾಯಿತು.

ರಾಯಬಾಗ ದಾಟಿದ ಮೇಲೆ ಹಿಂದಿನಿಂದ ಕಾಕಾ ಅವರ ದನಿ ಕೇಳಿತು.

“ಅಲ್ಲಲೇ ಬಸ್ಯಾ, ಇಲ್ಲಿಂದ ಬರೇ ಹೋದ ಹಾದಿ ಅಷ್ಟ ಕಾಣತೈತಲ್ಲೊ!”

“ಹೌದ್ರಿ ಮಾವಾರ,” ಎಂದಳು ಕಮಲಾ, ಮುಂದಿನ ರಸ್ತೆಯಿಂದ ಕಣ್ಣು ತೆಗೆಯದೆ. “ಆರ ವರ್ಷ ನನಗೂ ಅಷ್ಟ ಕಾಣತಿತ್ರಿ.”

ಹಿಂದೆ ಬುಟ್ಟಿ ಸರಿದ ಸಪ್ಪಳವಾಯಿತು. ಆಮೇಲೆ ಕಾಕಾ, “ಖರೇ ಏನಲೇ, ಬಸ್ಯಾ?” ಎಂದರು.

ನಾನು “ಹೂಂ” ಎಂದೆ.